ಹಿರಿಯ ಪಾಲುದಾರರು

ಏಳನೆಯ ಮಹಡಿಯ ಗಾಜಿನ ಬಾಗಿಲನ್ನು ಸಹಾಯಕಿ ಭುಜದಿಂದಲೇ ತಳ್ಳಿದಳು. ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಎತ್ತಿ ಗಟ್ಟಿಯಾದ ಭುಜ ಅದು. ಬಾಗಿಲು ಗೋಡೆಗೆ ಬಡಿಯಿತು. ಮೇಜಿನ ಹಿಂದಿದ್ದ ಹುಡುಗಿ ಬೆಚ್ಚಿ, ಯಾರನ್ನು ನೋಡಬೇಕಿತ್ತು, ಮೊದಲೇ ಸಮಯ ಕೇಳಿದ್ದಿರಾ ಎಂದು ವಿಚಾರಿಸಿದಳು.

"ಹಿರಿಯ ಪಾಲುದಾರರು ಅನ್ನೋನು ಯಾರು? ಅವನ ಮುಖ ನೋಡ್ಬೇಕು ನಾನು."

ಆಶ್ರಮದ ಸೂಚನಾ ಫಲಕದಿಂದ ಬೆಳಿಗ್ಗೆಯಷ್ಟೇ ಕಿತ್ತು ತಂದ ಕಾಗದ ಅವಳ ಮುಷ್ಟಿಯಲ್ಲಿತ್ತು. ಅದರಲ್ಲಿದ್ದುದು ಮೂರೇ ಸಾಲು. ನಿವಾಸಿಗಳನ್ನು ಎತ್ತುವ, ಹೊರಳಿಸುವ, ಕೂರಿಸುವ ಕೆಲಸವನ್ನು ಮುಂದಿನ ತಿಂಗಳಿಂದ ಯಂತ್ರಗಳು ಮಾಡಲಿವೆ. ಒಂಬತ್ತು ಸಹಾಯಕಿಯರ ಸೇವೆ ಅಂದಿಗೆ ಮುಗಿಯುತ್ತದೆ. ಇದಕ್ಕೆ ಹಿರಿಯ ಪಾಲುದಾರರು ಸಮ್ಮತಿಸಿದ್ದಾರೆ.

ಒಂಬತ್ತರಲ್ಲಿ ಇವಳೂ ಒಬ್ಬಳು. ಇಂಥ ಕೆಲಸ ಬೇರೆ ಕಡೆಯೂ ಸಿಗುತ್ತದೆ, ಅದಲ್ಲ ವಿಷಯ. ಇವಳು ಅಲ್ಲಿಗೆ ಸೇರಿದ್ದೇ ಹನ್ನೆರಡನೆಯ ಮಂಚದಲ್ಲಿ ಅಮ್ಮ ಮಲಗಿದ್ದಾಳೆಂದು. ಎಂಬತ್ತೊಂದು ವರ್ಷದ, ಸೊಂಟ ಮುರಿದ ಅಮ್ಮ. ಆರು ವರ್ಷ ಇವಳೇ ಮಗ್ಗುಲು ಬದಲಿಸಿದ್ದಾಳೆ, ಅಮ್ಮನ ಬೆನ್ನಿನ ಮೇಲೆ ಒಂದೇ ಒಂದು ಹುಣ್ಣಾಗಲು ಬಿಟ್ಟಿಲ್ಲ. ಹೊರಗಿನವರಿಗೆ ಅಲ್ಲಿ ಭಾನುವಾರ ಎರಡು ತಾಸು ಮಾತ್ರ ಪ್ರವೇಶ. ಮುಂದಿನ ತಿಂಗಳಿಂದ ಇವಳು ಹೊರಗಿನವಳು.

ಒಳಗಿನಿಂದ, ಆಶ್ರಮದ ಒಡೆತನವಿದ್ದ ಹೂಡಿಕೆ ನಿಧಿಯ ಅಧಿಕಾರಿಣಿ ಬಂದಳು. ಚಿಕ್ಕ ವಯಸ್ಸು, ಮೆತ್ತನೆಯ ದನಿ. ಇವಳನ್ನು ಕೂರಿಸಿ, ನೀರು ಕೊಟ್ಟು, ಗೋಡೆಯ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದಳು. ತಮ್ಮ ನಿಧಿ ಷೇರುಪೇಟೆಯ ಇವತ್ತಿನ ಏರಿಳಿತ ನೋಡಿ ಹಣ ಹಾಕುವುದಿಲ್ಲ, ಇಪ್ಪತ್ತು ವರ್ಷದ ನಂತರ ಜಗತ್ತು ಹೇಗಿರುತ್ತದೆಂದು ನೋಡಿ ಹಾಕುತ್ತದೆ ಎಂದಳು. ನೀರು ಕಡಿಮೆಯಾಗುತ್ತದೆ, ಬಿಸಿ ಹೆಚ್ಚುತ್ತದೆ, ಜನ ಮುದುಕರಾಗುತ್ತಾರೆ, ಕೈಕೆಲಸ ಯಂತ್ರಕ್ಕೆ ಹೋಗುತ್ತದೆ. ಇಂಥ ಒಂದೊಂದು ಬದಲಾವಣೆಯೂ ಅವರಿಗೆ ಹಣ ಹಾಕುವ ಒಂದೊಂದು ಥೀಮು. ಮುಪ್ಪು ಮತ್ತು ಯಂತ್ರ, ಎರಡು ಥೀಮುಗಳು ಸೇರುವ ಜಾಗವೆಂದೇ ಆ ಆಶ್ರಮವನ್ನು ಕೊಂಡದ್ದಂತೆ.

ಸಹಾಯಕಿಯ ಮೈ ಉರಿಯಿತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದದ್ದು ಇವರಿಗೆ ಥೀಮು! ಇವಳ ಕೈ ಖಾಲಿಯಾಗುವುದು ಇನ್ನೊಂದು ಥೀಮು!

"ಸಮ್ಮತಿ ಕೊಟ್ಟ ಮಹಾನುಭಾವ ಒಂದು ಸಲನಾದ್ರೂ ಯಾರದಾದ್ರೂ ಮಗ್ಗುಲು ಬದಲಿಸಿದ್ದಾನಾ?"

"ಅವರ ಕೈಲಿ ಅದೆಲ್ಲ ಆಗಲ್ಲ."

"ಕರೀರಿ ಇಲ್ಲಿಗೆ."

"ಅವರು ಎದ್ದು ಬರೋರಲ್ಲ. ಏನಿದ್ರೂ ನಾವೇ ಅವರ ಹತ್ರ ಹೋಗ್ಬೇಕು."

ಎಂಥ ದೊಡ್ಡಸ್ತಿಕೆ! ಏಳಲಾಗದವರನ್ನು ಎತ್ತುತ್ತಲೇ ಬದುಕಿದವಳಿಗೆ ಕೂತಲ್ಲಿಂದ ಏಳದ ಜನವನ್ನು ಕಂಡರೆ ಆಗುತ್ತಿರಲಿಲ್ಲ. ಮೆತ್ತನೆಯ ಕುರ್ಚಿಯಲ್ಲಿ ಕಾಲು ಚಾಚಿಕೊಂಡ ಒಬ್ಬ ದಪ್ಪ ಮನುಷ್ಯ ಅವಳ ಕಣ್ಣ ಮುಂದೆ ಬಂದ. ಅವನ ಕೆನ್ನೆಗೆ ಎರಡು ಬಿಡಬೇಕೆನಿಸಿತು.

ಅಧಿಕಾರಿಣಿ ಸಮಾಧಾನದ ಮಾತಿಗೆ ಇಳಿದಳು. "ನಿಮ್ಮ ಮೇಲೆ ಅವರಿಗೆ ಬೇಸರ ಇಲ್ಲ. ತುಂಬ ಹದವಾದ ಕೈ ಅಂತ ಹೊಗಳಿದ್ರು."

ಹೊಗಳಿದನಂತೆ! ಹಾಗಾದರೆ ಕದ್ದು ನೋಡಿದ್ದಾನೆ. ಕಳೆದ ಬುಧವಾರವೇ ಇರಬೇಕು. ಅಂದು ನಿಧಿಯವರು ಬಂದು ಊಟದ ಕೋಣೆಯಲ್ಲಿ ಮುದುಕರಿಗಾಗಿ ಏನೋ ಕಾರ್ಯಕ್ರಮ ನಡೆಸಿದ್ದರು. ಸಹಾಯಕಿಯರನ್ನೆಲ್ಲ ಹಾಸಿಗೆ ಬಟ್ಟೆ ಒಗೆಯಲು ಹಿತ್ತಲಿಗೆ ಅಟ್ಟಿ ಬಾಗಿಲು ಹಾಕಿಕೊಂಡಿದ್ದರು. ಆ ಮನುಷ್ಯನೂ ಜೊತೆಯಲ್ಲಿ ಬಂದು ಆಶ್ರಮವನ್ನೆಲ್ಲ ಸುತ್ತಿ ಹೋಗಿದ್ದಾನೆ. ಅಂದು ಅಮ್ಮನ ಮುಖದಲ್ಲಿ ಕಳೆಯಿತ್ತು, ಹಾಡು ಕೇಳಿಸಿರಬೇಕೆಂದು ಇವಳು ಅಂದುಕೊಂಡಿದ್ದಳು. ಮುಂದಿನ ವರ್ಷ ಈ ಗೋಡೆಗೆ ಬೇರೆ ಬಣ್ಣ ಹೊಡೆಯುತ್ತಾರಾ ಎಂದು ಅಮ್ಮ ಕೇಳಿದ್ದಳು. ಮುಂದಿನ ವರ್ಷದ್ದು ಈಗ ಯಾಕಮ್ಮ, ಬಾಯಿ ತೆಗೆ ಎಂದು ಇವಳು ಚಮಚ ಹಿಡಿದಿದ್ದಳು.

"ಅವನ ಹೆಸರು ಬರೆದುಕೊಡಿ. ಮನೆ ಹುಡುಕ್ಕೊಂಡು ಹೋಗ್ತೀನಿ."

ಅಧಿಕಾರಿಣಿಗೆ ಮೊದಲು ಅರ್ಥವಾಗಲಿಲ್ಲ. "ಯಾರ ಹೆಸರು? ಅವರು ಒಬ್ಬರಲ್ಲವಲ್ಲ," ಎನ್ನುತ್ತಾ ಒಂದು ಪಟ್ಟಿಯನ್ನು ಮುಂದಿಟ್ಟಳು.

ಆಶ್ರಮಕ್ಕೆ ಸೇರುವಾಗ ಕಟ್ಟಿದ ಠೇವಣಿಯನ್ನು ನಿಧಿಯವರು ಅವರವರ ಪಾಲೆಂದು ಬರೆದುಕೊಂಡಿದ್ದರು. ಅಲ್ಲಿ ಮಲಗಿದವರೆಲ್ಲ ಪಾಲುದಾರರೇ. ಹಿರಿಯ ಎಂದರೆ ದೊಡ್ಡ ಪಾಲಿನವರಲ್ಲ, ಎಪ್ಪತ್ತೈದು ದಾಟಿದವರು. ಪಾಲುದಾರರು ಎಂಬುದು ಗೌರವಕ್ಕೆ ಹಚ್ಚಿದ ಬಹುವಚನವಲ್ಲ, ನಿಜವಾದ ಬಹುವಚನ. ಮೂವತ್ತೊಂದು ಜನ, ಎಲ್ಲರೂ ಇವಳು ಉಣಿಸಿದ, ಒರೆಸಿದ, ಎತ್ತಿ ಕೂರಿಸಿದ ಜನ. ಬುಧವಾರ ಊಟದ ಕೋಣೆಯಲ್ಲಿ ಒಪ್ಪಿಗೆಯೆಂದು ಕೈ ಎತ್ತಿದ್ದರು. ಪಟ್ಟಿಯನ್ನು ಯಾರು ಮೊದಲು, ಯಾರು ನಂತರ ಎಂಬ ಕ್ರಮದಲ್ಲೇ ಬರೆದಿದ್ದರು. ಮೊದಲ ಸಾಲಿನಲ್ಲಿದ್ದುದು ಹನ್ನೆರಡನೆಯ ಮಂಚ.

ಮಧ್ಯಾಹ್ನ ಅವಳು ಆ ಮಂಚದ ಬಳಿ ನಿಂತಳು. ಮಗ್ಗುಲು ಬದಲಿಸುವ ಹೊತ್ತು ಮೀರಿತ್ತು, ಆದರೂ ಮುಟ್ಟಲಿಲ್ಲ. ನನ್ನನ್ನು ಕಳಿಸುತ್ತಾರೆಂದು ಗೊತ್ತಿತ್ತಾ ಎಂದು ಕೇಳಿದಳು. ಅಮ್ಮ ಗೊತ್ತಿತ್ತೆಂದು ತಲೆಯಾಡಿಸಿದಳು.

"ಮತ್ತೆ ಯಾಕಮ್ಮ?"

"ನೀವೆಲ್ಲ ನನ್ನ ಹತ್ರ ಈ ಹೊತ್ತಿನ ಊಟ, ಈ ಹೊತ್ತಿನ ಮಾತ್ರೆ ಬಿಟ್ಟು ಬೇರೆ ಮಾತೇ ಆಡಲ್ಲ," ಎಂದಳು ಅಮ್ಮ. "ಬುಧವಾರ ನಿಧಿಯಿಂದ ಬಂದಿದ್ದ ಆ ಹುಡುಗಿ ಒಬ್ಳೇ ಎದುರಿಗೆ ಕೂತು, ಇಪ್ಪತ್ತು ವರ್ಷ ಆದ್ಮೇಲೆ ನೀವು ಏನ್ಮಾಡ್ಬೇಕು ಅಂತಿದೀರಾ ಅಂತ ಕೇಳಿದ್ದು."