ಮುತ್ಯಾನ ಪಾಕೆಟ್

ಕರಿ ಚೆಂಡು ಎಡಗಡೆಯ ನಡು ಪಾಕೆಟ್ಟಿಗೆ ಬಿದ್ದ ಕೂಡಲೇ ಇಬ್ಬರೂ ಒಟ್ಟಿಗೆ ಕೈ ಎತ್ತಿ ಕುಣಿದರು. ಇಬ್ಬರೂ ಗೆದ್ದಿದ್ದರು.

ಮೊದಲು ಕುಣಿತ ನಿಲ್ಲಿಸಿದವನು ಗೌಸ. ಬಸವಕಲ್ಯಾಣದ ಆ ಪೂಲ್ ಅಂಗಡಿ ಅವನದೇ. "ಏ ಸತೀಶ, ನೀ ಯಾಕ ಕುಣ್ಯಾಕತ್ತೀದಿ? ಸೋತಾವರು ಕುಣಿಯೂದು ನಾ ಇವತ್ತೇ ನೋಡಿದ್ದು."

"ಕಣ್ಣು ಹೋಗ್ಯಾವೇನು ನಿನ್ನವು? ಕರೀದು ಹಾಕೇನಿ," ಎಂದ ಸತೀಶಕುಮಾರ. ಅವನು ಹುಮನಾಬಾದದಿಂದ ಈ ಒಂದು ಆಟಕ್ಕಾಗಿಯೇ ಬಂದವನು.

"ಹಾಕೀದಿ ಖರೆ. ಹಾಕಬಾರದಲ್ಲಿ ಹಾಕೀದಿ. ಮೂಗಿನ ಕೆಳಗ ನೀರು ಹಚ್ಚಿಕೋ ನಡಿ."

ಪಣ ಮೀಸೆ. ಸೋತವನು ಬೋಳಿಸಿಕೊಳ್ಳಬೇಕು. ಗೌಸನದು ತಿಂಗಳಲ್ಲಿ ಮರಳಿ ಬರುವ ಮೀಸೆ. ಸತೀಶಕುಮಾರನದು ಮೂರು ವರ್ಷದ ಬೆಳೆ. ಮೇಲಾಗಿ ಸೋಮವಾರ ಅವನ ನಿಶ್ಚಿತಾರ್ಥ. ಹುಡುಗಿ ಭುವನೇಶ್ವರಿ ಫೋಟೋ ನೋಡಿ ಒಪ್ಪಿದ್ದಳು. ಫೋಟೋದಲ್ಲಿ ಮುಖ್ಯವಾಗಿ ಇದ್ದದ್ದು ಮೀಸೆ.

ಯಾವ ಊರಿನ ನಿಯಮ ಎಂದು ಆಟಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಕೇಳಿದರೆ ಮುತ್ಯಾನನ್ನೇ ಸಂಶಯಿಸಿದಂತೆ.

ಮುತ್ಯಾ ಎಂದರೆ ರಾಜೇಶ್ವರದ ಮಹಾರುದ್ರಪ್ಪ. ಹಳ್ಳಿಖೇಡದ ಹಳೆಯ ಕ್ಲಬ್ಬೊಂದರಲ್ಲಿ ಮೂವತ್ತು ವರ್ಷ ಪೂಲ್ ಟೇಬಲ್ ಕಾಯ್ದವನು. ಎರಡೂ ಊರಿನ ಮೊದಲ ಆಟಗಾರರು ಅವನ ಕೈಯಲ್ಲೇ ಪಳಗಿದರು. ಬಸವಕಲ್ಯಾಣದವರು ಮುಂಜಾನೆಯ ಬಸ್ಸಿಗೆ ಹೋಗಿ ಕಲಿತರು, ಹುಮನಾಬಾದದವರು ಮಧ್ಯಾಹ್ನದ ಬಸ್ಸಿಗೆ. ಇಂದಿಗೂ ಎರಡೂ ಕಡೆಯ ಪೂಲ್ ಅಂಗಡಿಗಳಲ್ಲಿ ಅವನ ಫೋಟೋ ಇದೆ, ಊದುಬತ್ತಿ ಇದೆ, ಹಾರವೂ ಇದೆ. ಆತ ಇನ್ನೂ ಬದುಕಿದ್ದಾನೆ ಎಂಬುದು ಹಾರಕ್ಕೆ ಅಡ್ಡಿಯಾಗಿಲ್ಲ.

ಬಾಗಿಲಿನಿಂದ ಬಂದರೆ ಎಡಕ್ಕೆ ಸಿಗುವ ನಡು ಪಾಕೆಟ್ಟು ಮುತ್ಯಾನದು. ಬಸವಕಲ್ಯಾಣದಲ್ಲಿ ಅದಕ್ಕೆ ಯಾವ ಚೆಂಡೂ ಬೀಳಕೂಡದು. ಬಿದ್ದರೆ ಆಟ ಹೋಯಿತು. ಜೊತೆಗೆ, ಬೀಳಿಸಿದವನು ಊಟ ಹಾಕಿಸಬೇಕು. ಹುಮನಾಬಾದದಲ್ಲಿ ಕೊನೆಯ ಕರಿ ಚೆಂಡು ಅದಕ್ಕೇ ಬೀಳಬೇಕು. ಬಿದ್ದದ್ದನ್ನು ಗೆದ್ದವನೇ ತೆಗೆದು ಅಂಗಡಿಯವನ ಅಂಗೈಯಲ್ಲಿ ಇಡಬೇಕು. ಅಂಗಡಿಯವನು ಬಗ್ಗಕೂಡದು. ಯಾಕೆ ಎಂದು ಯಾರೂ ಕೇಳಿದ್ದಿಲ್ಲ. ಭಕ್ತಿಯಲ್ಲಿ ಯಾಕೆ ಎಂಬುದು ಇರುವುದಿಲ್ಲ.

"ಅದು ದರ್ಗಾದ ಹೊಸ್ತಿಲ ಇದ್ದಂಗೋ. ತುಳೀಬಾರದು," ಎಂದ ಗೌಸ.

"ಅದು ಗರ್ಭಗುಡಿ ಇದ್ದಂಗ. ಕಡೀಗೆ ಅಲ್ಲೇ ಹೋಗಿ ಮುಟ್ಟಬೇಕು," ಎಂದ ಸತೀಶಕುಮಾರ.

ಇಬ್ಬರೂ ಒಂದೇ ಮೋಟಾರ್ ಸೈಕಲ್ ಹತ್ತಿ ರಾಜೇಶ್ವರಕ್ಕೆ ಹೊರಟರು. ಎದುರಿನ ಸಲೂನಿನಿಂದ ಕಡ ತಂದ ಕತ್ತಿ ಗೌಸನ ಜೇಬಿನಲ್ಲಿತ್ತು. ತಗ್ಗು ಬಂದಾಗಲೆಲ್ಲ ಹಿಂದೆ ಕೂತ ಸತೀಶಕುಮಾರ ಮೀಸೆ ಮುಟ್ಟಿ ನೋಡಿಕೊಂಡ.

ಮಹಾರುದ್ರಪ್ಪ ಅಂಗಳದ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದ. ಹೆಂಡತಿ ಚಂದಮ್ಮ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಇಬ್ಬರೂ ಕಾಲು ಮುಟ್ಟಿ ನಮಸ್ಕರಿಸಿ, ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಎಲ್ಲ ಹೇಳಿದರು. ಮುದುಕ ಕಣ್ಣು ಮುಚ್ಚಿ ಕೇಳಿದ. ಮುಚ್ಚಿದ ಕಣ್ಣು ತೆರೆಯಲೇ ಇಲ್ಲ. ಸಮಾಧಿ ಹತ್ತಿತು ಎಂದುಕೊಂಡ ಸತೀಶಕುಮಾರ. ಚಂದಮ್ಮ ಮೊಣಕಾಲು ಹಿಂಡಿದಳು. ಸಮಾಧಿ ಇಳಿಯಿತು.

"ಚೆಂಡು ಬಿದ್ದಾಗ ಟೈಮ್ ಎಷ್ಟಾಗಿತ್ತು?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಹನ್ನೊಂದೂವರಿ ಆಗಿತ್ರಿ ಮುತ್ಯಾ."

"ಊಟ ಆಗಿತ್ತೇನು?"

"ಇಲ್ರಿ. ಖಾಲಿ ಹೊಟ್ಟೀಲೆ ಆಡಾಕತ್ತಿದ್ವಿ."

"ಹಂಗಾದ್ರ ಬಸವಕಲ್ಯಾಣದವ್ರದು ಖರೆ," ಎಂದ ಮಹಾರುದ್ರಪ್ಪ. "ಉಂಡ ಮ್ಯಾಲ ಬಿದ್ದಿದ್ರ ಹುಮನಾಬಾದದವ್ರದು ಖರೆ. ಎರಡೂ ನಾನಽ ಹೇಳಿದ್ದು."

ಗೌಸನ ಕಣ್ಣು ಒದ್ದೆಯಾದವು. "ರೋಜಾ ಇದ್ದಂಗ ಅದ ನೋಡೋ," ಎಂದು ಪಿಸುಗುಟ್ಟಿದ. "ಉಪಾಸ ಇದ್ದಾಗ ಮುಟ್ಟಬಾರದು." ಸತೀಶಕುಮಾರನಿಗೂ ಮೈ ಜುಮ್ಮೆಂದಿತು. ಇಷ್ಟು ಆಳದ ಮಾತಿಗೆ ಒಂದು ಮೀಸೆ ದೊಡ್ಡದಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಾನಾಗಿ ಹೋಗಿ ಕೂತ. ಗೌಸ ಬಿಸ್ಮಿಲ್ಲಾ ಎಂದು ಕತ್ತಿ ತೆಗೆದ. ಮೂರು ವರ್ಷ ಮೂರು ನಿಮಿಷದಲ್ಲಿ ಉದುರಿತು.

ಹೊಸ ಮುಖದ ಫೋಟೋ ಭುವನೇಶ್ವರಿಗೆ ಹೋಯಿತು. ಉತ್ತರ ತಕ್ಷಣ ಬಂತು: "ಇವರು ಯಾರ್ರಿ? ನಿಮ್ಮ ತಮ್ಮಾರೇನು? ಮೊದಲಽ ಇವರ ಫೋಟೋ ಕಳಿಸಿದ್ರ ಆಗ್ತಿತ್ತಲ್ಲ."

ಸೋಮವಾರದ ನಿಶ್ಚಿತಾರ್ಥ ಉಳಿಯಿತು. ಎರಡೂ ಊರಿನ ಗೋಡೆಗಳ ಮೇಲೆ 'ಊಟಕ್ಕೆ ಮೊದಲು, ಊಟದ ನಂತರ' ಎಂದು ಹೊಸ ಬೋರ್ಡು ಬರೆಸುವ ಮಾತಾಡುತ್ತ ಇಬ್ಬರೂ ಹೊರಟರು. ಮೋಟಾರ್ ಸೈಕಲ್ಲಿನ ಸದ್ದು ದೂರವಾಯಿತು.

ಚಂದಮ್ಮ ಎಣ್ಣೆ ಬಟ್ಟಲು ಕೆಳಗಿಟ್ಟಳು. "ಯಾಕ್ರಿ, ಚೆಂಡು ಬೀಳೂದಕ್ಕೂ ಊಟಕ್ಕೂ ಏನು ಸಂಬಂಧ?"

"ಕ್ಲಬ್ಬಿನ ಆ ಟೇಬಲ್ಲಿಗೆ ಆರು ಪಾಕೆಟ್. ಐದರ ಬಲೆ ಹರಿದು ಚೆಂಡು ನೆಲಕ್ಕ ಬೀಳ್ತಿತ್ತು. ಆಟ ಮುಗಿದ ಕೂಡ್ಲೆ ಹುಮನಾಬಾದದವ್ರು ಸಂಜಿ ಬಸ್ಸಿಗೆ ಓಡ್ತಿದ್ರು. ಕಡೀಗೆ ಬಿದ್ದ ಕರೀದು ಕಪಾಟಿನ ಕೆಳಗ ಉಳ್ಳಿಕೊಂಡು ಹೋದ್ರ ತೆಗಿಯಾವ್ರು ಯಾರು? ಬಗ್ಗಾಕ ಈ ಮೊಣಕಾಲು ಬಿಡಬೇಕಲ್ಲ! ಅದಕ್ಕ ಗಟ್ಟಿ ಇದ್ದದ್ರಾಗ ಹಾಕ್ರಿ ಅಂದೆ."

"ಮತ್ತ ಮುಂಜಾನಿ ಬಂದಾವ್ರಿಗೆ ಹಾಕಬ್ಯಾಡ್ರಿ ಅಂದದ್ದು?"

ಮಹಾರುದ್ರಪ್ಪ ಮಗ್ಗುಲು ಬದಲಿಸಿದ. "ಮುಂಜಾನಿ ಅದರಾಗ ನೀ ಕಟ್ಟಿಕೊಟ್ಟ ಬುತ್ತಿ ಇರ್ತಿತ್ತು."