ಆರಾಮ್ ಭಾನುವಾರದ ಸ್ಕೋನ್

ಮೈಸೂರಿನ ಆ ಮನೆಯಲ್ಲಿ ಭಾನುವಾರ ಅಂದ್ರೆ ಎಲ್ಲರಿಗೂ ಆರಾಮ್... ಸೊಸೆ ರೋಹಿಣಿ ಒಬ್ಬಳನ್ನು ಬಿಟ್ಟು.

ತಪ್ಪು ಅವಳದೇ ಅನ್ನಿ! ಯಾವತ್ತೋ ಒಂದು ಭಾನುವಾರ ಮೊಬೈಲ್ ನೋಡಿಕೊಂಡು ಸ್ಕೋನ್ ಮಾಡಿದಳು.

ಅತ್ತ ಬನ್ನೂ ಅಲ್ಲ, ಇತ್ತ ಬಿಸ್ಕತ್ತೂ ಅಲ್ಲ... ಮೇಲೆ ಸಕ್ಕರೆ ಪುಡಿಗೆ ನಿಂಬೆರಸ ಕಲಸಿ ಸುರಿದ ಬಿಳಿ ಗ್ಲೇಜ್.

ಮನೆಯವರೆಲ್ಲ ಬಾಯಿ ಚಪ್ಪರಿಸಿ ಹೊಗಳಿದರು. ಅಲ್ಲಿಗೆ ಸಿಕ್ಕಿಹಾಕಿಕೊಂಡಳು.

ಅಂದಿನಿಂದ ಪ್ರತಿ ಭಾನುವಾರ ಹಾಲ್‌ನಲ್ಲಿ ಟಿವಿ, ನಗು, ಹರಟೆ... ಅಡುಗೆಮನೆಯಲ್ಲಿ ಓವನ್ ಮತ್ತು ರೋಹಿಣಿ.

"ನಿನ್ನ ಕೈರುಚಿ ಯಾರಿಗೂ ಬರಲ್ಲ ಕಣಮ್ಮ" ಅಂತ ಅತ್ತೆ ಪ್ರೀತಿಯಿಂದಲೇ ಹೇಳೋರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು... ಪ್ರೀತಿಯಿಂದ ಕೇಳಿದವರಿಗೆ ಆಗಲ್ಲ ಅನ್ನೋದು ಹೇಗೆ?

ಆ ಭಾನುವಾರ ನಾದಿನಿಯ ಸಂಸಾರ ಬೇರೆ ಬರೋದಿತ್ತು. ಅಷ್ಟರಲ್ಲಿ ತಿಪಟೂರಿನಿಂದ ಅವಳ ಅಪ್ಪಾಜಿ ಬಂದುಬಿಟ್ಟರು.

"ಏನ್ ಅಪ್ಪಾಜಿ, ಒಂದು ಫೋನೂ ಮಾಡದೆ?"

"ಸುಮ್ನೆ ಕಣಮ್ಮ... ನಿನ್ನ ನೋಡ್ಕೊಂಡು ಹೋಗೋಣ ಅಂತ. ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ."

ಅಷ್ಟರಲ್ಲಿ ಓವನ್ 'ಟಿಂಗ್' ಅಂತು. ರೋಹಿಣಿ ಒಳಗೆ ಓಡಿದಳು.

ಅಪ್ಪಾಜಿ ಅಡುಗೆಮನೆಗೆ ಬರುವ ಹಾಗಿಲ್ಲ... ಎಷ್ಟಾದರೂ ಬೀಗರ ಮನೆ, ಸಂಕೋಚ. ಅವಳು ಹೊರಗೆ ಹೋಗುವ ಹಾಗಿಲ್ಲ... ಬಿಸಿ ಇರುವಾಗ ಸುರಿದರೆ ಗ್ಲೇಜ್ ಇಳಿದುಹೋಗುತ್ತೆ, ತಡ ಮಾಡಿದರೆ ಬಟ್ಟಲಲ್ಲೇ ಗಟ್ಟಿಯಾಗುತ್ತೆ.

ಕೊನೆಗೂ ತಟ್ಟೆ ತಂದುಕೊಟ್ಟಳು. ಅಪ್ಪಾಜಿ ತಟ್ಟೆಯಲ್ಲಿ ಬೆರಳಾಡಿಸಿ, ತಡವಿ, ಸ್ಕೋನ್ ಎತ್ತಿಕೊಂಡರು. ಅವಳಿಗೆ ಅದನ್ನು ಗಮನಿಸುವಷ್ಟೂ ಪುರುಸೊತ್ತಿಲ್ಲ.

"ಇಲ್ಲಿ ಕೂತ್ಕೋ ಸ್ವಲ್ಪ."

"ಇನ್ನೊಂದು ಟ್ರೇ ಇದೆ ಅಪ್ಪಾಜಿ... ಬಂದೆ."

ಬಂದೆ, ಬಂದೆ ಅನ್ನುತ್ತಲೇ ಹೊತ್ತು ಹೋಯಿತು. ಗೋಡೆಯಾಚೆ ಅಪ್ಪನ ಕೆಮ್ಮು ಕೇಳುತ್ತಿತ್ತು. ರೋಹಿಣಿಗೆ ಅಳು ಒತ್ತರಿಸಿ ಬಂತು... ಅಳುತ್ತಲೇ ಹಿಟ್ಟು ಕಲಸಿದಳು.

ಹೊರಗೆ ಬಂದಾಗ ಅಪ್ಪಾಜಿ ಬ್ಯಾಗ್ ಹಿಡಿದು ಎದ್ದು ನಿಂತಿದ್ದರು.

"ಐದೇ ನಿಮಿಷ ಅಪ್ಪಾಜಿ! ಬಿಸಿಬಿಸಿದು ಇನ್ನೆರಡು ತಿಂದ್ಕೊಂಡು ಹೋಗಿ."

"ತಿನ್ನೋಕೆ ಬರ್ಲಿಲ್ಲ ಮಗಾ..." ಅವರು ಬ್ಯಾಗ್ ಕೆಳಗಿಟ್ಟರು. "ಕಣ್ಣಿನ ನರ ಒಣಗ್ತಾ ಇದೆಯಂತೆ. ಒಂದು ಕಣ್ಣು ಆಗಲೇ ಹೋಯ್ತು, ಇನ್ನೊಂದೂ ಉಳಿಯಲ್ಲ ಅಂತ ನಿನ್ನೆ ಡಾಕ್ಟ್ರು ಅಂದ್ರು. ಪೂರ್ತಿ ಕತ್ತಲಾಗೋ ಮುಂಚೆ ನಿನ್ನ ಮುಖ ಒಂದ್ಸಲ ಸರಿಯಾಗಿ ನೋಡೋಣ ಅಂತ ಬಂದೆ... ನೀನು ನಿಲ್ಲಲೇ ಇಲ್ಲ."

ಯಾರೋ ಟಿವಿ ಆಫ್ ಮಾಡಿದರು.

ಒಳಗೆ ಓವನ್ ಮತ್ತೆ 'ಟಿಂಗ್' ಅಂತು. ಅಭ್ಯಾಸಬಲದಿಂದ ರೋಹಿಣಿಯ ಕಾಲು ಅಡುಗೆಮನೆ ಕಡೆ ತಿರುಗಿತು... ಆದರೆ ಅವಳು ಹೋಗಲಿಲ್ಲ.

"ಅತ್ತೆ, ನೀವು ಸ್ವಲ್ಪ ಓವನ್ ನೋಡ್ಕೋತೀರಾ? ನಾನು ಅಪ್ಪಾಜಿ ಹತ್ರ ಕೂತ್ಕೋತೀನಿ."

ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳು ತನಗಾಗಿ ಕೇಳಿದ ಮೊದಲ ಮಾತು ಅದು.

ಅತ್ತೆಯ ಕಣ್ಣು ತುಂಬಿತ್ತು. "ಕೂತ್ಕೋ ತಾಯಿ... ಇವತ್ತು ನೀನು ಏಳಲೇ ಬೇಡ" ಅನ್ನುತ್ತಾ ಒಳಗೆ ಹೋದರು.

ಸ್ಕೋನ್ ಒಂದಿಷ್ಟು ಸೀದುಹೋಯಿತು, ನಿಜ. ನಾದಿನಿ ಮನೆಯವರು ಗ್ಲೇಜ್ ಇಲ್ಲದೆ, ಟೀಗೆ ಅದ್ದಿಕೊಂಡು ತಿಂದರು. ಯಾರಿಗೂ ಏನೂ ಆಗಲಿಲ್ಲ!

ಅಪ್ಪಾಜಿ ಮಗಳ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡರು. ತುಂಬಾ ಹೊತ್ತು ನೋಡಿದರು.

"ಬಡವಾಗಿದೀಯಲ್ಲ ಮಗಾ... ಮದುವೆಯಾದಾಗಿಂದ ಇಷ್ಟು ಹತ್ತಿರದಿಂದ ನಾನು ನಿನ್ನ ನೋಡೇ ಇರ್ಲಿಲ್ಲ."

✦

ಬಂದವರಿಗೆ ಬಡಿಸುವ ಗಡಿಬಿಡಿಯಲ್ಲಿ, ಅವರು ಯಾರನ್ನು ನೋಡಲು ಬಂದರು ಅನ್ನುವುದನ್ನೇ ಮರೆಯಬೇಡಿ.

ಈ ಭಾನುವಾರ ನಿಮ್ಮ ಮನೆಯಲ್ಲಿ ಎಲ್ಲರೂ ಆರಾಮಾಗಿ ಕೂತಾಗ... ಅಡುಗೆಮನೆಯಲ್ಲಿ ನಿಂತೇ ಇರುವವರು ಯಾರು, ಒಮ್ಮೆ ಎದ್ದು ಹೋಗಿ ನೋಡುತ್ತೀರಾ?