ಮಾವನ ಬುದ್ಧಿಮಾತು

ಹತ್ತನೇ ತರಗತಿಯ ಹುಡುಗಿ ಆ ದಿನದ ಮೋಟೋಕ್ರಾಸ್‌ಗೆ, ಅಂದರೆ ಕೆಸರು ದಿಬ್ಬಗಳ ಬೈಕ್ ರೇಸಿಗೆ, ಸಿದ್ಧಳಾಗುತ್ತಿದ್ದಳು. ಮೊಣಕಾಲಿಗೆ ಪ್ಯಾಡು, ಎದೆಗೆ ಗಾರ್ಡು, ಕಾಲಿಗೆ ದಪ್ಪ ಬೂಟು. ಹೆಂಡತಿ ಮಕ್ಕಳ ಸಮೇತ ತಿಂಡಿಗೆ ಬಂದಿದ್ದ ಸೋದರಮಾವ ಮೂಗು ಮುರಿದ.

“ಕೆಸರಲ್ಲಿ ಹೊರಳೋಕೆ ಇಷ್ಟೊಂದು ಸಿಂಗಾರನಾ? ಎಮ್ಮೆ ಏನೂ ಹಾಕ್ಕೊಳ್ದೆ ಹೊರಳುತ್ತಪ್ಪ.”

ಹುಡುಗಿ ಹೆಲ್ಮೆಟ್ಟಿನ ಪಟ್ಟಿಯನ್ನು ಎಳೆದೆಳೆದು ನೋಡುತ್ತಿದ್ದಳು.

“ಅದನ್ನೇನು ಅಷ್ಟು ಸಲ ನೋಡ್ತೀಯ?”

“ಪಟ್ಟಿ ಸಡಿಲ ಇದ್ರೆ ಕೋಚ್ ಟ್ರ್ಯಾಕ್ ಒಳಗೇ ಬಿಡಲ್ಲ ಮಾವ.”

“ದೊಡ್ಡ ಕೋಚು. ಪರೀಕ್ಷೆಗೆ ಅವನೇ ಬಂದು ಕೂತ್ಕೋತಾನಾ?” ಮಾವ ಹುಡುಗಿಯ ತಾಯಿಯತ್ತ ತಿರುಗಿದ. “ಅಕ್ಕಾ, ಇದರಿಂದ ಇವಳು ಕಲಿತಿದ್ದಾದ್ರೂ ಏನು? ಜೀವದ ಮೇಲೆ ಆಸೆ ಇರೋರು ಆಡೋ ಆಟನಾ ಇದು? ನಾಳೆ ತಲೆಗೆ ಏಟು ಬಿದ್ರೆ ನನ್ನ ಹತ್ರ ಬಂದು ಅಳಬೇಡ.”

ತಾಯಿ ಹೆದರಿದಳು. “ಮಾವ ಹೇಳೋದು ಸರಿ ಕಣೇ. ಇವತ್ತು ಹೋಗಬೇಡ.”

ಹುಡುಗಿ ಹೆಲ್ಮೆಟ್ ಹಿಡಿದುಕೊಂಡೇ ಕೂತಳು. ಮಾತು ಗೆದ್ದ ಮಾವ ಹೊರಗೆ ಬಂದು ಸ್ಕೂಟರ್ ಸ್ಟಾರ್ಟ್ ಮಾಡಿದ. ಹಿಂದೆ ಹೆಂಡತಿ ಕೂತಳು, ಅವಳ ತೊಡೆಯ ಮೇಲೆ ಕೂಸು. ಮುಂದೆ, ಹ್ಯಾಂಡಲ್ ಹಿಡಿದು ನಿಂತ ನಾಲ್ಕು ವರ್ಷದ ಮಗ. ಮಾವನ ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು.

ಹುಡುಗಿ ಓಡಿಬಂದು ತನ್ನ ಹೆಲ್ಮೆಟ್ಟನ್ನು ಆ ಮಗನ ತಲೆಗೆ ಹಾಕಿ ಪಟ್ಟಿ ಬಿಗಿದಳು.

ಮಾವ ಅದನ್ನು ಬಿಚ್ಚಿ ಅವಳ ಕೈಗೆ ತುರುಕಿದ.

“ಅಷ್ಟೂ ಗೊತ್ತಾಗಲ್ವೇನೇ? ಇವತ್ತು ಭಾನುವಾರ, ಸರ್ಕಲ್‌ನಲ್ಲಿ ಪೊಲೀಸ್‌ನೋರು ಇರಲ್ಲ.”